ಇಲಿ ಬಿದ್ದ ಮನೆ: ಪ್ಲೇಗಿನ ಇತಿಹಾಸ ಕಲಿಸುವ ಪಾಠ

‘ನೀಮ್ ಹಕೀಮ್ ಖತ್ರಾ-ಎ-ಜಾನ್’ ಎಂಬ ಉರ್ದು ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಅರೆಬರೆ ಕಲಿತ ಹಕೀಮನಿಂದ ಪ್ರಾಣಕ್ಕೇ ಅಪಾಯ ಎಂಬುದು ಇದರ ಅರ್ಥ. ಗಾದೆ ಸುಳ್ಳಲ್ಲ. ಆದರೆ ಪೂರ್ತಿ ಕಲಿತ ವೈದ್ಯರೂ ತಪ್ಪು ಮಾಡಿದ್ದಾರೆ ಎಂಬುದಕ್ಕೆ ಇತಿಹಾಸ ಸಾಕ್ಷಿಯಾಗಿದೆ. ಹೆಚ್ಚಿನ ಸಲ ಅದಕ್ಕೆ ಕಾರಣ ಅಜ್ಞಾನವಲ್ಲ, ‘ಇದು ಹೀಗೆಯೇ’ ಎಂದು ಎಲ್ಲರೂ ಒಪ್ಪಿಕೊಂಡು ಯಾರೂ ಪರೀಕ್ಷಿಸದೆ ಬಿಟ್ಟ ನಂಬಿಕೆ. ನಮ್ಮ ಮೈಸೂರು ಸೀಮೆ ಕಂಡ ಪ್ಲೇಗು ಇದಕ್ಕೆ ಒಳ್ಳೆಯ ಉದಾಹರಣೆ.

ಮೈಸೂರಿಗೆ ಬಂದ ಮಾರಿ

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಬೆಂಗಳೂರನ್ನೂ ಮೈಸೂರನ್ನೂ ಹೊಕ್ಕಿತು. 1891ರ ಜನಗಣತಿಯಲ್ಲಿ ಸುಮಾರು 74 ಸಾವಿರ ಇದ್ದ ಮೈಸೂರು ನಗರದ ಜನಸಂಖ್ಯೆ 1901ರಲ್ಲಿ ಸುಮಾರು 68 ಸಾವಿರಕ್ಕೆ ಇಳಿಯಿತು. ಸತ್ತವರ ಜೊತೆಗೆ ಊರು ಬಿಟ್ಟವರೂ ಬಹಳ ಮಂದಿ. ಸಂಸ್ಥಾನದ ಸರ್ಕಾರ ವಿ.ಪಿ. ಮಾಧವರಾಯರನ್ನು ಪ್ಲೇಗು ಕಮಿಷನರ್ ಆಗಿ ನೇಮಿಸಿತು. ಇವರೇ ಮುಂದೆ ಮೈಸೂರಿನ ದಿವಾನರಾದರು.

ಆಗಿನ ವೈದ್ಯಶಾಸ್ತ್ರ ಹಿಂದುಳಿದಿರಲಿಲ್ಲ. ಪ್ಲೇಗಿನ ರೋಗಾಣುವನ್ನು 1894ರಲ್ಲೇ ಹಾಂಗ್‌ಕಾಂಗ್‌ನಲ್ಲಿ ಯೆರ್ಸಿನ್ ಕಂಡುಹಿಡಿದಿದ್ದರು. ಆದರೆ ಆ ರೋಗಾಣು ಮನುಷ್ಯನ ಮೈಗೆ ಹೇಗೆ ಬರುತ್ತದೆ? ಕೊಳೆಯಿಂದ, ಮನೆಯ ನೆಲದಿಂದ, ರೋಗಿಯ ಬಟ್ಟೆಬರೆಯಿಂದ ಎಂದು ಬಹುಪಾಲು ವೈದ್ಯರು ನಂಬಿದ್ದರು. ಆದ್ದರಿಂದ ಮನೆಮನೆಗೆ ನುಗ್ಗಿ ನೆಲಕ್ಕೂ ಗೋಡೆಗೂ ಔಷಧದ ನೀರು ಸುರಿಯಲಾಯಿತು, ಚರಂಡಿಗಳಿಗೆ ಕಾರ್ಬಾಲಿಕ್ ಆಮ್ಲ ಹರಿಸಲಾಯಿತು, ಬಿಸಿಲು ಬೀಳಲೆಂದು ಸೂರಿನ ಹೆಂಚು ತೆಗೆಸಲಾಯಿತು. ರೋಗಿಗಳನ್ನು ಮನೆಯವರಿಂದ ಬೇರೆ ಮಾಡಿ ಶಿಬಿರಗಳಿಗೆ ಒಯ್ಯಲಾಯಿತು. ಹೆಂಗಸರ ಮೈ ಮುಟ್ಟಿ ತಪಾಸಣೆ ಮಾಡುತ್ತಾರೆಂಬ ಭಯ, ಅದರಲ್ಲೂ ಪರ್ದಾ ಪಾಲಿಸುವ ಮನೆಗಳಲ್ಲಿ, ಜನರನ್ನು ಕಂಗೆಡಿಸಿತು. ರೋಗಿಗಳನ್ನು ಬಚ್ಚಿಡುವುದು ಶುರುವಾಯಿತು. 1898ರ ಕೊನೆಯಲ್ಲಿ ನಮ್ಮ ಪಕ್ಕದ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಗಲಭೆಯೇ ನಡೆಯಿತು.

ಜನ ಕಂಡದ್ದು, ವೈದ್ಯರು ಕಾಣದ್ದು

ಇದೇ ಕಾಲದಲ್ಲಿ ಹಳ್ಳಿಯ ಜನರ ಬಾಯಲ್ಲಿ ಒಂದು ಮಾತಿತ್ತು: ‘ಇಲಿ ಬಿತ್ತು.’ ಸೂರಿನಿಂದ ಇಲಿ ಸತ್ತು ಬಿದ್ದರೆ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕು ಎಂಬುದು ಅವರು ಅನುಭವದಿಂದ ಕಲಿತದ್ದು. ಇಲಿ ಸಾಯುವುದನ್ನು ವೈದ್ಯರೂ ನೋಡಿದ್ದರು. ಆದರೆ ಇಲಿಯೂ ನಮ್ಮಂತೆಯೇ ಆ ಕೊಳೆಯಿಂದ ರೋಗ ಹಿಡಿಸಿಕೊಂಡಿದೆ ಎಂದು ಹೇಳಿ ಅಲ್ಲಿಗೇ ಬಿಟ್ಟರು.

ಬಿಡದೆ ಹಿಂಬಾಲಿಸಿದವರು ಪೌಲ್ ಲೂಯಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯರು. 1898ರ ಜೂನ್‌ನಲ್ಲಿ ಕರಾಚಿಯಲ್ಲಿ ಅವರು ಒಂದು ಸರಳ ಪ್ರಯೋಗ ಮಾಡಿದರು. ಚಿಗಟಗಳಿದ್ದ ರೋಗದ ಇಲಿಯನ್ನು ದೊಡ್ಡ ಗಾಜಿನ ಪಾತ್ರೆಯಲ್ಲಿಟ್ಟರು. ಅದೇ ಪಾತ್ರೆಯೊಳಗೆ ತಂತಿಬಲೆಯ ಪುಟ್ಟ ಪಂಜರದಲ್ಲಿ ಆರೋಗ್ಯವಂತ ಇಲಿಯನ್ನು ಇಟ್ಟರು. ಒಂದು ಇನ್ನೊಂದನ್ನು ಮುಟ್ಟುವಂತಿರಲಿಲ್ಲ, ಆದರೆ ಚಿಗಟ ಹಾರಬಹುದಿತ್ತು. ಮೊದಲ ಇಲಿ ಸತ್ತಿತು. ಕೆಲವು ದಿನಗಳ ಬಳಿಕ ಪಂಜರದ ಇಲಿಯೂ ಪ್ಲೇಗಿನಿಂದ ಸತ್ತಿತು. ಚಿಗಟವಿಲ್ಲದ ರೋಗದ ಇಲಿಯ ಜೊತೆ ಆರೋಗ್ಯವಂತ ಇಲಿಯನ್ನು ಇಟ್ಟಾಗ ಅದಕ್ಕೆ ಏನೂ ಆಗಲಿಲ್ಲ. ರೋಗ ಸಾಗಿಸುತ್ತಿದ್ದದ್ದು ಚಿಗಟ!

ಸಿಮೊಂಡ್ ಇದನ್ನು ಅದೇ ವರ್ಷ ಪ್ರಕಟಿಸಿದರು. ಆದರೆ ಭಾರತಕ್ಕೆ ಬಂದ ಪ್ಲೇಗು ಆಯೋಗದ ವಿದ್ವಾಂಸರು ಅದನ್ನು ತಳ್ಳಿಹಾಕಿದರು. 1905ರಿಂದ ಮುಂಬಯಿಯಲ್ಲಿ ಕೆಲಸ ಮಾಡಿದ ಇನ್ನೊಂದು ಆಯೋಗ ಪ್ಲೇಗು ಹೊಕ್ಕ ಮನೆಗಳಲ್ಲೇ ಗಿನಿಯಿಲಿಗಳನ್ನಿಟ್ಟು ಪರೀಕ್ಷಿಸಿತು. ಚಿಗಟ ನುಸುಳದ ಬಲೆಯೊಳಗಿದ್ದವು ಬದುಕಿದವು, ಬಲೆಯಿಲ್ಲದವು ರೋಗಕ್ಕೆ ತುತ್ತಾದವು. ಸತ್ಯ ಒಪ್ಪಿಗೆಯಾಗುವ ಹೊತ್ತಿಗೆ ಅಮೂಲ್ಯ ವರ್ಷಗಳು ಕಳೆದುಹೋಗಿದ್ದವು. ಚರಂಡಿಗೆ ಸುರಿದ ಆಮ್ಲ ಇಲಿಗಳನ್ನು ಅಕ್ಕಪಕ್ಕದ ಮನೆಗಳಿಗೆ ಓಡಿಸಿ ರೋಗವನ್ನು ಹರಡಿರಬಹುದು ಎಂದು ಆಮೇಲೆ ತಿಳಿಯಿತು.

ಹಾಗೆಂದು ಜನರ ನಂಬಿಕೆಗಳೆಲ್ಲ ಸರಿ ಇದ್ದವು ಎಂದಲ್ಲ. ಮನೆ ಬಿಟ್ಟವರು ಹಾಸಿಗೆ, ದವಸದ ಮೂಟೆಗಳ ಜೊತೆ ಚಿಗಟಗಳನ್ನೂ ನೆಂಟರ ಊರಿಗೆ ಹೊತ್ತೊಯ್ದರು. ಆಸ್ಪತ್ರೆಯಲ್ಲಿ ವಿಷ ಹಾಕುತ್ತಾರೆಂಬ ಗಾಳಿಮಾತನ್ನು ನಂಬಿ ಕೆಲವರು ಚಿಕಿತ್ಸೆಯಿಂದಲೇ ದೂರ ಉಳಿದರು.

ಒಂದು ಇಕ್ಕಳದ ಕಥೆ

ಪ್ಲೇಗಿಗೆ ಲಸಿಕೆ ತಯಾರಿಸಿದವರು ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್. 1897ರ ಜನವರಿ 10ರಂದು ಮುಂಬಯಿಯಲ್ಲಿ ಅವರು ಮೊದಲು ತಮಗೇ ಚುಚ್ಚಿಕೊಂಡರು. ಜನ ಹೆದರಿದಾಗ ಮೂರನೆಯ ಆಗಾ ಖಾನರು ಎಲ್ಲರೆದುರು ಲಸಿಕೆ ಹಾಕಿಸಿಕೊಂಡು ಮಾದರಿಯಾದರು, ಪ್ರಯೋಗಾಲಯಕ್ಕೆ ತಮ್ಮ ಕಟ್ಟಡವನ್ನೂ ಕೊಟ್ಟರು. 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಸಾವಿರಾರು ಮಂದಿ ಈ ಲಸಿಕೆ ಪಡೆದರು.

ಆದರೆ 1902ರ ಅಕ್ಟೋಬರ್ 30ರಂದು ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ಅನಾಹುತ ನಡೆಯಿತು. ಅಂದು 107 ಮಂದಿಗೆ ಲಸಿಕೆ ಹಾಕಲಾಗಿತ್ತು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಈ 19 ಮಂದಿಗೂ ಲಸಿಕೆ ಒಂದೇ ಸೀಸೆಯದು. ವಿಚಾರಣೆ ಮಾಡಿದವರು ಸೀಸೆ ಮುಂಬಯಿಯಲ್ಲೇ ಕೆಟ್ಟಿತ್ತು ಎಂದು ತೀರ್ಮಾನಿಸಿದರು. ಲಸಿಕೆ ಕೆಡದಂತೆ ಕಾರ್ಬಾಲಿಕ್ ಆಮ್ಲ ಬೆರೆಸುವ ಬದಲು ಹಾಫ್‌ಕಿನ್ ಕಾಯಿಸುವ ವಿಧಾನಕ್ಕೆ ಬದಲಾಗಿದ್ದರು. ಹಳೆಯ ಪದ್ಧತಿ ಬಿಟ್ಟದ್ದೇ ತಪ್ಪು ಎಂಬ ನಂಬಿಕೆ ತೀರ್ಪಾಯಿತು. ಅವರನ್ನು ಹುದ್ದೆಯಿಂದ ದೂರ ಇಡಲಾಯಿತು.

ನಿಜ ಹೊರಬಂದದ್ದು ತಡವಾಗಿ. ಹಳ್ಳಿಯಲ್ಲಿ ಆ ಸೀಸೆ ತೆರೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಮಾಡದೆ ಸೀಸೆಯ ಬಿರಡೆ ತೆಗೆಯಲಾಗಿತ್ತು. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿ ಇರುತ್ತದೆ. 1907ರ ಜುಲೈನಲ್ಲಿ ಹಲವು ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಹಾಫ್‌ಕಿನ್ ನಿರಪರಾಧಿ ಎಂದು ಬರೆದರು. ಅವರಲ್ಲಿ ಮುಖ್ಯರು ರೊನಾಲ್ಡ್ ರಾಸ್. ಕೆಟ್ಟ ಗಾಳಿಯಿಂದ ಮಲೇರಿಯಾ ಬರುತ್ತದೆಂಬ ಹಳೆಯ ನಂಬಿಕೆಯನ್ನು ಸೊಳ್ಳೆಯನ್ನು ಸೀಳಿ ನೋಡಿ ಸುಳ್ಳು ಮಾಡಿದವರು ಇವರೇ. ಅದಕ್ಕೂ ಮೊದಲು, 1895ರಲ್ಲಿ, ಕಾಲರಾ ತಡೆಯುವ ಕೆಲಸದ ಮೇಲೆ ಅವರು ಬೆಂಗಳೂರಿನಲ್ಲಿದ್ದರು. ಕೊನೆಗೆ ಸರ್ಕಾರ ಹಾಫ್‌ಕಿನ್‌ರನ್ನು ದೋಷಮುಕ್ತಗೊಳಿಸಿತು. 1925ರಲ್ಲಿ ಮುಂಬಯಿಯ ಆ ಪ್ರಯೋಗಾಲಯಕ್ಕೆ ಅವರ ಹೆಸರನ್ನೇ ಇಡಲಾಯಿತು. ಆದರೆ ಮಲ್ಕೋವಾಲಿನ ಸುದ್ದಿಯಿಂದ ಹುಟ್ಟಿದ ಭಯ ಅಷ್ಟರಲ್ಲಿ ಎಷ್ಟೋ ಜನರನ್ನು ಲಸಿಕೆಯಿಂದ ದೂರ ಮಾಡಿತ್ತು. ಆ ಪ್ಲೇಗಿಗೆ ಭಾರತದಲ್ಲಿ ಬಲಿಯಾದವರು ಒಂದು ಕೋಟಿಗೂ ಹೆಚ್ಚು.

ಪ್ರಶ್ನಿಸಿದವರ ಪರಂಪರೆ

ಗುರುವಿನ ಮಾತನ್ನು ಪರೀಕ್ಷಿಸುವುದು ಗುರುದ್ರೋಹವೇ? ಗ್ರೀಕ್ ವೈದ್ಯ ಗೇಲನ್‌ನ ಗ್ರಂಥಗಳನ್ನು ನೂರಾರು ವರ್ಷ ಯಾರೂ ಮೀರುತ್ತಿರಲಿಲ್ಲ. ಕೆಳದವಡೆ ಎರಡು ಮೂಳೆಗಳದ್ದು ಎಂದು ಅವನು ಬರೆದಿದ್ದ. ಸುಮಾರು 1200ರಲ್ಲಿ ಈಜಿಪ್ಟಿನಲ್ಲಿ ಭೀಕರ ಬರ ಬಂದಾಗ ಅಬ್ದುಲ್ ಲತೀಫ್ ಬಗ್ದಾದಿಯವರು ರಾಶಿಬಿದ್ದಿದ್ದ ಅಸ್ಥಿಪಂಜರಗಳನ್ನು ಕಣ್ಣಾರೆ ನೋಡಿದರು. ದವಡೆ ಒಂದೇ ಮೂಳೆ! ಗೇಲನ್ ಮೇಲೆ ಎಷ್ಟು ಗೌರವವಿದ್ದರೂ ಕಣ್ಣು ಕಂಡದ್ದೇ ಹೆಚ್ಚು ನಂಬಲರ್ಹ ಎಂದು ಅವರು ಹೇಳಿದರು. ಅವರಿಗಿಂತ ಮೊದಲೇ ಅರ್ರಾಝಿಯವರು ಗೇಲನ್ ಬಗೆಗಿನ ಸಂದೇಹಗಳನ್ನೇ ಒಂದು ಗ್ರಂಥವಾಗಿ ಬರೆದಿದ್ದರು. ಗೌರವವೂ ಪ್ರಶ್ನೆಯೂ ಒಟ್ಟಿಗೆ ಇರಬಲ್ಲವು ಎಂದು ತೋರಿಸಿದವರು ಇವರು.

ಇಂದಿನ ಮಾತು

ಇದು ಮುಗಿದ ಕಥೆಯಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಗೆ ಬಹಳ ವರ್ಷ ಒಂದು ಲಸಿಕೆಯನ್ನು ಮಲೆನಾಡಿನ ಜನರಿಗೆ ಕೊಡಲಾಯಿತು. ಅದು ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು ಅಧ್ಯಯನಗಳು ತೋರಿಸಿದ ಮೇಲೆ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಪರೀಕ್ಷಿಸಿ ಒಪ್ಪಿಕೊಂಡದ್ದು ಒಳ್ಳೆಯದೇ, ಆದರೆ ಅದಕ್ಕೆ ಎಷ್ಟೊಂದು ವರ್ಷ ಬೇಕಾಯಿತು!

ನಮ್ಮ ಮನೆಯದೇ ಒಂದು ಮಾತು ಹೇಳುತ್ತೇನೆ. ನನ್ನ ತಾಯಿಗೆ ಸಕ್ಕರೆ ಕಾಯಿಲೆ. ಒಮ್ಮೆ ಬೇರೊಬ್ಬ ವೈದ್ಯರಿಗೆ ತೋರಿಸಿದಾಗ ಹಳೆಯ ಚೀಟಿ ಒಯ್ಯಲಿಲ್ಲ, ಅವರೂ ಕೇಳಲಿಲ್ಲ. ಮೂರನೆಯ ದಿನ ತಾಯಿ ಬೆವರಿ, ನಡುಗಿ ಕುಸಿದರು. ಪಕ್ಕದ ಮನೆಯವರು ಶರಬತ್ತು ಕುಡಿಸಿ ಉಳಿಸಿದರು. ಆಮೇಲೆ ಎರಡು ಮಾತ್ರೆ ಪಟ್ಟಿಗಳ ಸಣ್ಣ ಅಕ್ಷರ ಓದಿದೆ. ಕಂಪೆನಿಯ ಹೆಸರು ಬೇರೆ, ಒಳಗಿನ ಔಷಧ ಒಂದೇ! ವೈದ್ಯರ ಬಳಿ ಹೋಗಿ ಹೇಳಿದಾಗ ಅವರು ಕೋಪಿಸಿಕೊಳ್ಳಲಿಲ್ಲ. ‘ನಾನೇ ಕೇಳಬೇಕಿತ್ತು ಮೇಷ್ಟ್ರೇ’ ಎಂದರು. ಅವರ ಮೇಲಿನ ನನ್ನ ಗೌರವ ಅಂದು ಹೆಚ್ಚಾಯಿತು. ಮಕ್ಕಳಿಗೆ ಓದು ಕಲಿಸುವ ನಾನು ಮೊದಲೇ ಓದಲಿಲ್ಲವಲ್ಲ ಎಂಬ ನಾಚಿಕೆ ಮಾತ್ರ ಉಳಿಯಿತು.

ನಮ್ಮ ಮೊಹಲ್ಲಾಗಳಲ್ಲಿ ಇಂದಿಗೂ ‘ಸೂಜಿ ಹಾಕದಿದ್ದರೆ ಅದೆಂಥ ಡಾಕ್ಟರು?’ ಎನ್ನುವವರಿದ್ದಾರೆ. ಸುಸ್ತಾದರೆ ಗ್ಲೂಕೋಸ್ ಏರಿಸಿ ಎಂದು ಒತ್ತಾಯಿಸುವವರಿದ್ದಾರೆ. ಅಂಗಡಿಯಲ್ಲಿ ತಾವೇ ಆ್ಯಂಟಿಬಯಾಟಿಕ್ ಕೊಂಡು ಎರಡು ದಿನಕ್ಕೆ ನಿಲ್ಲಿಸುವವರಿದ್ದಾರೆ. ತಪ್ಪು ನಂಬಿಕೆ ವೈದ್ಯರಲ್ಲಿ ಮಾತ್ರವಲ್ಲ, ನಮ್ಮಲ್ಲೂ ಇದೆ.

ಪ್ರೀತಿಯ ವಿದ್ಯಾರ್ಥಿಗಳೇ, ವಿಶ್ವ ಆರೋಗ್ಯ ಸಂಸ್ಥೆ 2019ರಿಂದ ಸೆಪ್ಟೆಂಬರ್ 17ನ್ನು ರೋಗಿಗಳ ಸುರಕ್ಷತೆಯ ದಿನವಾಗಿ ಆಚರಿಸುತ್ತಿದೆ. ಆ ಆಚರಣೆ ನಿಮ್ಮ ಮನೆಯಿಂದಲೇ ಆರಂಭವಾಗಲಿ. ಮನೆಯ ಹಿರಿಯರ ಔಷಧಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದಿಡಿ. ಯಾವ ಔಷಧ ಅವರಿಗೆ ಒಗ್ಗುವುದಿಲ್ಲ ಎಂಬುದನ್ನೂ ಬರೆಯಿರಿ. ಆಸ್ಪತ್ರೆಗೆ ಹೋಗುವಾಗ ಆ ಹಾಳೆ ಜೊತೆಯಲ್ಲಿರಲಿ. ಈ ಮಾತ್ರೆ ಯಾತಕ್ಕೆ, ಎಷ್ಟು ದಿನ ಎಂದು ವಿನಯದಿಂದ ಕೇಳಿ. ಗಾಳಿಮಾತು ಕೇಳಿ ಲಸಿಕೆ, ಔಷಧ ಬಿಡಬೇಡಿ. ಸಂದೇಹವಿದ್ದರೆ ವೈದ್ಯರನ್ನೇ ಕೇಳಿ. ನಿಮ್ಮಲ್ಲಿ ಕೆಲವರು ನಾಳೆ ವೈದ್ಯರೂ ದಾದಿಯರೂ ಆಗುವಿರಿ. ಅಂದು ಅನಕ್ಷರಸ್ಥೆಯಾದ ಒಬ್ಬ ಮುದುಕಿ ಬಂದು ‘ಮನೆಯಲ್ಲಿ ಇಲಿ ಬಿತ್ತಪ್ಪ’ ಎಂದರೆ, ಅವಳ ಮಾತನ್ನು ಕಿವಿಗೊಟ್ಟು ಕೇಳಿ.