ಗೋಲಗುಮ್ಮಟದ ಗಾರೆ ಕಲಿಸುವ ಉಷ್ಣದ ಲೆಕ್ಕ



ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಪಾತ್ರೆ ಬಿಸಿಯಾಗುತ್ತದೆ. ಇದು ಬಹಿರುಷ್ಣಕ ಕ್ರಿಯೆ ಎಂದು ಬಾಯಿಪಾಠ ಮಾಡಿ ನೀವು ಅಂಕ ಪಡೆಯುತ್ತೀರಿ. ಆದರೆ ಆ ಬಿಸಿ ಎಲ್ಲಿಂದ ಬಂತು? ಉತ್ತರ ನಮ್ಮ ನೆರೆಯ ವಿಜಯಪುರದ ಇತಿಹಾಸದಲ್ಲಿದೆ.

1490ರಿಂದ 1686ರವರೆಗೆ ಅಲ್ಲಿ ಆದಿಲ್‌ಶಾಹಿ ಮನೆತನ ಆಳಿತು. ನಮ್ಮ ಸೀಮೆಯೂ ಅವರ ರಾಜ್ಯದಲ್ಲಿತ್ತು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಸಮಾಧಿಯೇ ಗೋಲಗುಮ್ಮಟ. ಸುಮಾರು 44 ಮೀಟರ್ ಹೊರವ್ಯಾಸದ ಆ ಗುಮ್ಮಟಕ್ಕೆ ನಡುವೆ ಒಂದು ಕಂಬವೂ ಇಲ್ಲ. ಅದರ ಇಟ್ಟಿಗೆಗಳನ್ನು ಹಿಡಿದಿಟ್ಟಿರುವುದು ಸುಣ್ಣದ ಗಾರೆ.

ಗಾರೆಯ ಕೆಲಸ ಭಟ್ಟಿಯಲ್ಲಿ ಆರಂಭ. ಸುಣ್ಣಕಲ್ಲು ಎಂದರೆ ಕ್ಯಾಲ್ಸಿಯಂ ಕಾರ್ಬೋನೇಟ್. ಅದನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಈ ಅಂತರುಷ್ಣಕ ಕ್ರಿಯೆಯಲ್ಲಿ ಒಂದು ಮೋಲ್ ಕಲ್ಲು ಸುಮಾರು 178 ಕಿಲೋಜೌಲ್ ಉಷ್ಣವನ್ನು ಹೀರಿಕೊಳ್ಳುತ್ತದೆ. ಹೊಗೆಯಲ್ಲಿ ಹಾಳಾದ ಶಾಖ ಬೇರೆ.

ಎರಡನೆಯ ಹಂತ ನೀರು. ಸುಣ್ಣ ಕುದಿದು ಅರಳುವಾಗ ಸುಮಾರು 65 ಕಿಲೋಜೌಲ್ ಹೊರಬರುತ್ತದೆ. (ಶಿಕ್ಷಕರಿಲ್ಲದೆ ಇದನ್ನು ಮಾಡಬೇಡಿ; ಸಿಡಿದರೆ ಕಣ್ಣಿಗೆ ಅಪಾಯ.) ಮೂರನೆಯ ಹಂತ ಗಾಳಿ. ಗೋಡೆಯ ಗಾರೆ ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಪಡೆದು, ನೀರನ್ನು ಬಿಟ್ಟುಕೊಟ್ಟು, ಮತ್ತೆ ಕಲ್ಲಾಗುತ್ತದೆ. ಆಗ ಸುಮಾರು 113 ಕಿಲೋಜೌಲ್ ಬಿಡುಗಡೆಯಾಗುತ್ತದೆ. ಇದು ಹೊರಗಿನಿಂದ ಒಳಕ್ಕೆ ನಿಧಾನವಾಗಿ ಸಾಗುವುದರಿಂದ ಕೈಗೆ ಬಿಸಿ ತಾಗುವುದಿಲ್ಲ.

ಈಗ ಕೂಡಿಸಿ ನೋಡಿ: 65 ಮತ್ತು 113 ಸೇರಿದರೆ 178! ಭಟ್ಟಿಯಲ್ಲಿ ಕಲ್ಲು ಪಡೆದ ಸಾಲವನ್ನು ಎರಡು ಕಂತಿನಲ್ಲಿ ಪೂರ್ತಿ ತೀರಿಸಿತು. ಹಂತಗಳು ಎಷ್ಟೇ ಇರಲಿ, ಒಟ್ಟು ಉಷ್ಣದ ಲೆಕ್ಕ ಬದಲಾಗದು ಎಂಬ ನಿಯಮವನ್ನು ವಿಜ್ಞಾನಿ ಹೆಸ್ 1840ರಲ್ಲಿ ಪ್ರಕಟಿಸಿದರು. ವಿಜಾಪುರದ ಗಾರೆಯವರಿಗೆ ಆ ನಿಯಮದ ಹೆಸರು ಗೊತ್ತಿರಲಿಲ್ಲ. ಆದರೆ ಎಷ್ಟು ಸುಡಬೇಕು, ಎಷ್ಟು ಅರಳಿಸಬೇಕು, ಎಷ್ಟು ಕಾಯಬೇಕು ಎಂಬ ಇಲ್ಮ್ ಅವರ ಕೈಯಲ್ಲಿತ್ತು.

ಸಂಸ್ಥೆಯ ಸದಸ್ಯರಲ್ಲೂ ಒಂದು ವಿನಂತಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ನಮ್ಮ ಊರುಗಳಲ್ಲಿ ಹಳೆಯ ಮಸ್ಜಿದ್, ದರ್ಗಾಗಳ ದುರಸ್ತಿ ಮಾಡುವಾಗ ಗಾರೆ ಕೆತ್ತಿ ಸಿಮೆಂಟ್ ಬಳಿಯುವ ಆತುರ ಬೇಡ. ಗಾರೆ ತೇವವನ್ನು ಹೊರಬಿಡುತ್ತದೆ. ಗಟ್ಟಿ ಸಿಮೆಂಟ್ ಅದನ್ನು ಒಳಗೇ ತಡೆದು ಹಳೆಯ ಗೋಡೆಯನ್ನು ಕೆಡಿಸುತ್ತದೆ. ಮೊದಲು ಬಲ್ಲವರನ್ನು ಕೇಳಿ.

ವಿದ್ಯಾರ್ಥಿಗಳೇ, ಮುಂದಿನ ಪ್ರವಾಸದಲ್ಲಿ ಗೋಲಗುಮ್ಮಟಕ್ಕೆ ಹೋದಾಗ ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಿ ಬಂದರೆ ಸಾಲದು. ಆ ಗೋಡೆಯ ಮುಂದೆ ನಿಂತು ಈ ಮೂರು ಸಮೀಕರಣಗಳನ್ನು ಬರೆದು ನೋಡಿ. ಪಾಠ ಮರೆಯುವುದಿಲ್ಲ.