ಹೆಸರನ್ನೊಲ್ಲದ ಸೇವೆ: ಬೀದರ ಸೀಮೆಯ ಮೆಥೊಡಿಸ್ಟ್ ಸಭೆಯ ಇತಿಹಾಸದಲ್ಲಿ ಒಂದು ಪ್ರಶ್ನೆ

ಬೀದರ ನಗರದ ಇತಿಹಾಸವೆಂದೊಡನೆ ಬಹಮನಿ ಅರಸರ ಕೋಟೆಯೂ 1472ರ ಮಹಮೂದ್ ಗವಾನನ ಮದರಸವೂ ನಮ್ಮ ಕಣ್ಣೆದುರು ನಿಲ್ಲುತ್ತವೆ. ಅರಸರೂ ಮಂತ್ರಿಗಳೂ ತಮ್ಮ ಹೆಸರನ್ನು ಉಳಿಸಿಹೋದುದರಿಂದ ಅಷ್ಟರಮಟ್ಟಿಗೆ ಇತಿಹಾಸಕಾರನ ಕೆಲಸವು ಸುಗಮವಾಗಿದೆ. ಆದರೆ ಇದೇ ಸೀಮೆಯಲ್ಲಿ ನೂರು ವರ್ಷಗಳಿಗೂ ಮಿಕ್ಕಿ ಬಾಳಿಬಂದಿರುವ ಕ್ರೈಸ್ತ ಸಭೆಯ ಇತಿಹಾಸವನ್ನು ಬರೆಯಹೊರಟವನಿಗೆ ಬೇರೊಂದು ಬಗೆಯ ತೊಡಕು ಎದುರಾಗುತ್ತದೆ. ದೇವರ ಸೇವೆ ಮಾಡುವವನು ತನ್ನ ಹೆಸರನ್ನು ಬಯಸಬಾರದೆಂಬುದು ಆ ಸಭೆಯ ಉಪದೇಶ. ಸೇವೆ ಮಾಡಿದವರಲ್ಲಿ ಬಹುಮಂದಿಯ ಹೆಸರು ಉಳಿದಿಲ್ಲವೆಂಬುದು ಅದರ ಇತಿಹಾಸ. ಎರಡನೆಯದು ಮೊದಲನೆಯದರ ಫಲವೋ, ಅಥವಾ ದಾಖಲೆಯ ದೋಷವೋ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶವಾಗಿದೆ.

ದಕ್ಷಿಣ ಭಾರತದಲ್ಲಿ ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಯ ಕಾರ್ಯಕ್ಕೆ 1870ರಲ್ಲಿ ಭಾರತಕ್ಕೆ ಬಂದ ವಿಲಿಯಂ ಟೇಲರರು ತಳಹದಿ ಹಾಕಿದರು. 1876ರಲ್ಲಿ ಈ ಸಭೆಯ ದಕ್ಷಿಣ ಭಾರತ ಸಮ್ಮೇಳನವು ರೂಪುಗೊಂಡಿತು. ಶತಮಾನದ ಕೊನೆಯ ದಶಕಗಳಲ್ಲಿ ಆ ಕಾರ್ಯವು ನಿಜಾಮ ಸಂಸ್ಥಾನದ ಬೀದರಕ್ಕೆ ಹಬ್ಬಿತು. ಆಗ ಇಲ್ಲಿಯ ಆಡಳಿತದ ಭಾಷೆ ಉರ್ದು. ಜನರ ಬಾಯಲ್ಲಿ ಕನ್ನಡ, ಭಾಲ್ಕಿ-ಔರಾದಗಳ ಕಡೆ ಕನ್ನಡದೊಡನೆ ಮರಾಠಿ, ಪೂರ್ವದ ಅಂಚಿನಲ್ಲಿ ತೆಲುಗು. ಸಭೆಯನ್ನು ಸೇರಿದವರಲ್ಲಿ ಬಹುಪಾಲು ಜನ ಅಸ್ಪೃಶ್ಯರೆಂದು ಊರಿನಿಂದ ಹೊರಗಿಡಲ್ಪಟ್ಟಿದ್ದ ಕೇರಿಗಳವರು. 1956ರಲ್ಲಿ ಬೀದರ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. 1981ರಲ್ಲಿ ಸಭೆಯು ಭಾರತದ ಮೆಥೊಡಿಸ್ಟ್ ಸಭೆಯೆಂಬ ಸ್ವತಂತ್ರ ಸಂಸ್ಥೆಯಾಯಿತು.

ನಮ್ರತೆಯ ಉಪದೇಶವು ಈ ಸಭೆಗೆ ಎರಡು ಮೂಲಗಳಿಂದ ಬಂದಿತು. ಮೊದಲನೆಯದು ಸತ್ಯವೇದ: ಶಿಷ್ಯರ ಕಾಲು ತೊಳೆದ ಗುರುವಿನ ಚಿತ್ರ ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿದೆ; ಬಲಗೈಯ ದಾನವನ್ನು ಎಡಗೈ ಅರಿಯದಿರಲೆಂಬ ಬೋಧೆ ಮತ್ತಾಯನ 6ನೆಯ ಅಧ್ಯಾಯದಲ್ಲಿದೆ. ಎರಡನೆಯದು ಮೆಥೊಡಿಸ್ಟ್ ಪರಂಪರೆ. 1755ರಲ್ಲಿ ಜಾನ್ ವೆಸ್ಲಿಯವರು ನಡೆಸಿದ ಒಡಂಬಡಿಕೆಯ ಆರಾಧನೆಯು, ದೇವರು ತನ್ನನ್ನು ಕೆಲಸಕ್ಕೆ ಹಚ್ಚಿದರೂ ಬದಿಗಿರಿಸಿದರೂ ಸಮಚಿತ್ತದಿಂದ ಒಪ್ಪುವ ಸಂಕಲ್ಪವನ್ನು ವಿಶ್ವಾಸಿಗೆ ಕಲಿಸಿತು. ವೆಸ್ಲಿಯವರು 1791ರಲ್ಲಿ ತೀರಿಕೊಂಡಾಗ ಅವರ ಉಯಿಲಿನಂತೆ ಆರು ಜನ ಬಡವರು ಶವವನ್ನು ಹೊತ್ತರು. ಒಬ್ಬೊಬ್ಬರಿಗೆ 20 ಷಿಲಿಂಗು ಸಂದಿತು. ಆಡಂಬರದ ಮೆರವಣಿಗೆ ಇರಲಿಲ್ಲ. ಭಾರತದಲ್ಲಿಯೇ ದುಡಿದ ಸ್ಟ್ಯಾನ್ಲಿ ಜೋನ್ಸರು 1928ರಲ್ಲಿ ಬಿಷಪ್ ಪದವಿಗೆ ಚುನಾಯಿತರಾಗಿ, ಅಭಿಷೇಕಕ್ಕೆ ಮೊದಲೇ ರಾಜೀನಾಮೆ ಕೊಟ್ಟು, ಸಾಮಾನ್ಯ ಸುವಾರ್ತಿಕರಾಗಿ ಉಳಿದ ಸಂಗತಿಯೂ ಪ್ರಸಿದ್ಧವಾಗಿದೆ.

ಇನ್ನು ಬೀದರ ಸೀಮೆಯ ಹಳ್ಳಿಗಳತ್ತ ದೃಷ್ಟಿ ಹರಿಸೋಣ. ಈ ಸಭೆಯು ನಡೆದದ್ದು ಮಿಷನರಿಗಳ ದುಡಿಮೆಯೊಂದರಿಂದಲೇ ಅಲ್ಲ. ಹಳ್ಳಿಯಲ್ಲಿ ನೆಲೆಸಿ ಹಗಲು ಮಕ್ಕಳಿಗೆ ಅಕ್ಷರ ಕಲಿಸಿ, ಕೂಲಿಯಿಂದ ಮರಳಿದ ಜನರನ್ನು ಇರುಳು ಪ್ರಾರ್ಥನೆಗೆ ಕೂಡಿಸುತ್ತಿದ್ದ ಉಪದೇಶಿಗಳು, ಮನೆಯಿಂದ ಮನೆಗೆ ಹೋಗಿ ಹೆಂಗಸರಿಗೆ ವೇದಪಾಠ ಹೇಳುತ್ತಿದ್ದ ಬೈಬಲ್ ಸ್ತ್ರೀಯರು, ಸಂಬಳವಿಲ್ಲದ ಸ್ಥಳೀಯ ಬೋಧಕರು, ಇವರಿಲ್ಲದೆ ಅದು ಹಳ್ಳಿಗಳಲ್ಲಿ ಬೇರೂರುವುದು ಸಾಧ್ಯವಿರಲಿಲ್ಲ. ಆದರೆ ಮಿಷನ್ನಿನ ವಾರ್ಷಿಕ ವರದಿಗಳಲ್ಲಿ ಹೆಸರೂ ವೃತ್ತಾಂತವೂ ದೊರೆಯುವುದು ಬಹುಮಟ್ಟಿಗೆ ಮಿಷನರಿಗಳಿಗೆ ಮತ್ತು ದೀಕ್ಷೆ ಪಡೆದ ಪಾದ್ರಿಗಳಿಗೆ. ಉಳಿದವರಿಗೆ ದೊರೆಯುವುದು ಕೋಷ್ಟಕದಲ್ಲೊಂದು ಅಂಕಿ. ಬೀದರಿನ ಮಂಗಲಪೇಟೆಯ ಶಾಲೆಯು ನಾರ್ಮಾ ಫೆಂಡ್ರಿಕ್ ಎಂಬ ಮಿಷನರಿ ಮಹಿಳೆಯ ಹೆಸರನ್ನು ಇಂದಿಗೂ ಹೊತ್ತಿದೆ. ಅದು ಯೋಗ್ಯವಾದುದೇ. ಆದರೆ ಕೇರಿಗಳಲ್ಲಿ ನಡೆದು ಸವೆದ ಬೈಬಲ್ ಸ್ತ್ರೀಯರ ಹೆಸರನ್ನು ಯಾವ ಫಲಕದ ಮೇಲೆ ಓದಬೇಕು?

ಇದಕ್ಕೆ ಉತ್ತರವಾಗಿ, ಅವರು ಹೆಸರನ್ನು ಬಯಸಲಿಲ್ಲ, ಆದುದರಿಂದ ಹೆಸರು ಉಳಿಯಲಿಲ್ಲ ಎಂದು ಹೇಳುವುದು ಸುಲಭ. ಈ ವಾದವನ್ನು ಒಪ್ಪಲಾಗದು. ತಾನೇ ಹೆಸರನ್ನು ಬಿಡುವುದು ಬೇರೆ; ಇನ್ನೊಬ್ಬರ ಹೆಸರನ್ನು ಬಿಟ್ಟುಬಿಡುವುದು ಬೇರೆ. ಜೋನ್ಸರ ಮುಂದೆ ಪದವಿಯಿತ್ತು; ಅವರು ಅದನ್ನು ತೊರೆದರು. ಕೇರಿಯ ಉಪದೇಶಿಯ ಮುಂದೆ ತೊರೆಯುವುದಕ್ಕೆ ಯಾವ ಪದವಿಯೂ ಇರಲಿಲ್ಲ. ಊರ ಪ್ರಮುಖರಿಂದ ತಲೆತಲಾಂತರ ಏಕವಚನದ ಕರೆಯನ್ನೇ ಕೇಳಿದವನಿಗೆ, ದೀಕ್ಷಾಸ್ನಾನದ ದಿನ ತನ್ನ ಹೆಸರೂ ತಂದೆಯ ಹೆಸರೂ ಸಭೆಯ ಪುಸ್ತಕದಲ್ಲಿ ಬರೆಯಲ್ಪಡುವುದೇ ಒಂದು ಗೌರವವಾಗಿದ್ದಿರಬೇಕು. ಅಂಥವನಿಗೆ ನಮ್ರತೆಯೆಂದರೆ ತಲೆ ತಗ್ಗಿಸುವುದಲ್ಲ. ಅದನ್ನು ಅವನ ಹಿರಿಯರು ಬೇಕಾದಷ್ಟು ಮಾಡಿದ್ದರು. ದೇವರೊಬ್ಬನ ಮುಂದೆ ಬಾಗುವೆನು, ಆದುದರಿಂದ ಮನುಷ್ಯರ ಮುಂದೆ ಕುಗ್ಗಲಾರೆನು ಎಂಬ ಭಾವವೂ ಆ ನಮ್ರತೆಯಲ್ಲಿ ಅಡಗಿತ್ತೆಂದು ತಿಳಿಯುವುದು ಯುಕ್ತ.

ಇದೇ ಜಿಲ್ಲೆಯ ಕಲ್ಯಾಣವು ಈ ವಿಷಯದಲ್ಲಿ ನಮಗೆ ಒಳ್ಳೆಯ ನಿದರ್ಶನವನ್ನು ಒದಗಿಸುತ್ತದೆ. 12ನೆಯ ಶತಮಾನದ ಶರಣರಲ್ಲಿ ಹೆಚ್ಚಿನವರು ತಮ್ಮ ವಚನಗಳಿಗೆ ಸ್ವಂತ ಹೆಸರನ್ನಲ್ಲದೆ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಟ್ಟರು. ದುಡಿಮೆಯ ಫಲವನ್ನು ದಾಸೋಹಕ್ಕೆ ಸಲ್ಲಿಸಿದರು. ಆದರೆ ಅವರ ಸಮುದಾಯವು ಅವರನ್ನು ಮರೆಯಲಿಲ್ಲ. ಸಮಗಾರ ಹರಳಯ್ಯ, ಡೋಹರ ಕಕ್ಕಯ್ಯ, ಆಯ್ದಕ್ಕಿ ಲಕ್ಕಮ್ಮ ಇವರ ಹೆಸರುಗಳು ವಚನದ ಕಟ್ಟುಗಳಲ್ಲಿಯೂ ಕಾವ್ಯಪುರಾಣಗಳಲ್ಲಿಯೂ ಜನರ ನೆನಪಿನಲ್ಲಿಯೂ ಉಳಿದುಬಂದವು. ಹೆಸರನ್ನು ಬಯಸದಿದ್ದುದು ಶರಣರ ಗುಣ. ಹೆಸರನ್ನು ಕಾಪಾಡಿದ್ದು ಅನಂತರದವರ ಕರ್ತವ್ಯ.

ಕ್ರೈಸ್ತ ಪರಂಪರೆಗೂ ಈ ನಡೆ ಹೊಸದಲ್ಲ. ಕ್ರಿಸ್ತನು ತನ್ನನ್ನು ಬರಿದುಮಾಡಿಕೊಂಡನೆಂದು ಫಿಲಿಪ್ಪಿಯವರಿಗೆ ಬರೆದ ಪೌಲನೇ, ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಹಕಾರಿಗಳನ್ನು ಹೆಸರುಹಿಡಿದು ವಂದಿಸಿದ್ದಾನೆ. ಅವರಲ್ಲಿ ಹೆಂಗಸರೂ ಇದ್ದಾರೆ. ಪತ್ರವನ್ನು ಕೇಳಿ ಬರೆದುಕೊಂಡ ತೆರ್ತ್ಯನೆಂಬ ಲಿಪಿಕಾರನಿಗೂ ತನ್ನ ಹೆಸರನ್ನು ಸೇರಿಸಲು ಅಲ್ಲಿ ಎಡೆ ದೊರೆತಿದೆ.

ಆದುದರಿಂದ ಬೀದರ ಸೀಮೆಯ ಸಭೆಗಳ ದೀಕ್ಷಾಸ್ನಾನ ಮತ್ತು ವಿವಾಹದ ದಾಖಲೆ ಪುಸ್ತಕಗಳು, ಸಮಾಧಿಯ ಕಲ್ಲುಗಳು, ಮನೆಗಳ ಹಳೆಯ ಸತ್ಯವೇದಗಳ ಮೊದಲ ಹಾಳೆಗಳಲ್ಲಿ ಬರೆದಿಟ್ಟ ಕುಟುಂಬದ ವಿವರಗಳು, ವೃದ್ಧರ ನೆನಪುಗಳು, ಇವೆಲ್ಲವನ್ನೂ ಇತಿಹಾಸದ ಆಕರಗಳೆಂದು ಭಾವಿಸಿ ಸಂಗ್ರಹಿಸುವ ಕಾರ್ಯವು ತಡವಿಲ್ಲದೆ ನಡೆಯತಕ್ಕದ್ದು. ಗೆದ್ದಲಿಗೂ ಮರಣಕ್ಕೂ ನಮ್ಮ ಅನುಕೂಲವನ್ನು ಕಾಯುವ ಅಭ್ಯಾಸವಿಲ್ಲ. ನಮ್ರತೆಯು ಸೇವಕನ ಭೂಷಣ. ಅದನ್ನು ತನ್ನ ಅಲಕ್ಷ್ಯಕ್ಕೆ ನೆವವಾಗಿ ಮಾಡಿಕೊಳ್ಳುವ ಹಕ್ಕು ಇತಿಹಾಸಕಾರನಿಗೆ ಇಲ್ಲ.