ಮಸೀಹ ಅಂದರೆ ಯಾರು?

ವಿಜಯಪುರ ಸೀಮೆಯಲ್ಲಿ ‘ಪಟ್ಟ’ ಎನ್ನುವ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇಂಡಿಯಿಂದ ಮುದ್ದೇಬಿಹಾಳದವರೆಗೆ ಹೆಜ್ಜೆಗೊಂದು ಮಠ. ಮರಿದೇವರೆಂದು ಕರೆಸಿಕೊಳ್ಳುತ್ತಿದ್ದ ಹುಡುಗನಿಗೆ ಒಂದು ದಿನ ಪಟ್ಟಾಧಿಕಾರವಾಗುತ್ತದೆ. ಊರು ಹುಗ್ಗಿ ಉಂಡು, ‘ಇನ್ನ ಮ್ಯಾಲೆ ಇವರ ನಮ್ಮ ಅಜ್ಜಾರು’ ಎಂದು ಕಾಲಿಗೆ ಬೀಳುತ್ತದೆ. ಆ ಹೊತ್ತಿನಿಂದ ದಾಸೋಹ, ಜಾತ್ರೆ, ಭಕ್ತರ ಮನೆಯ ಸುಖದುಃಖ, ಹೊಲದ ಬದುವಿನ ವ್ಯಾಜ್ಯ ಎಲ್ಲವೂ ಅವರ ತಲೆಗೆ. ಪಟ್ಟದಲ್ಲಿ ಗೌರವಕ್ಕಿಂತ ಹೊಣೆ ದೊಡ್ಡದು. ಹೊಣೆ ನಿಭಾಯಿಸಿದರೋ ಇಲ್ಲವೋ ಎಂದು ಊರು ನೋಡುತ್ತಲೇ ಇರುತ್ತದೆ.

ಹೀಬ್ರೂ ಭಾಷೆಯ ‘ಮಶೀಯಾಹ್’ ಇದೇ ಕುಲದ ಪದ. ತಲೆಗೆ ಎಣ್ಣೆ ಎರೆಸಿಕೊಂಡವನು ಎಂದು ಅದರ ಅರ್ಥ. ಯೆಹೂದ್ಯರ ಪ್ರಾಚೀನ ರಾಜ್ಯದಲ್ಲಿ ಅರಸನನ್ನೂ ಮಹಾಯಾಜಕನನ್ನೂ ಹೀಗೆ ಎಣ್ಣೆ ಎರೆದೇ ನೇಮಿಸುತ್ತಿದ್ದರು. ಆಲಿವ್ ಎಣ್ಣೆಗೆ ರಕ್ತಬೋಳ, ದಾಲ್ಚಿನ್ನಿಯಂಥ ಸುಗಂಧದ್ರವ್ಯ ಬೆರೆಸುವ ಕ್ರಮವನ್ನು ಧರ್ಮಗ್ರಂಥವೇ ತೂಕ ಸಮೇತ ಹೇಳುತ್ತದೆ. ಕುರಿಗಾಹಿ ಹುಡುಗ ದಾವೀದನ ತಲೆಯ ಮೇಲೆ ಪ್ರವಾದಿ ಸಮುವೇಲ ಕೊಂಬಿನಿಂದ ಎಣ್ಣೆ ಹೊಯ್ದ ಕಥೆಯೂ ಅಲ್ಲೇ ಇದೆ. ನಮ್ಮ ಕಡೆ ಶನಿವಾರ ಹಣಮಪ್ಪನಿಗೆ ಎಣ್ಣೆ ಎರೆಯುತ್ತಾರೆ, ಲಿಂಗಕ್ಕೆ ನೀರು, ಹಾಲು, ತುಪ್ಪದ ಅಭಿಷೇಕ ಮಾಡುತ್ತಾರೆ. ಹಾಗಾಗಿ ಕನ್ನಡ ಬೈಬಲಿನಲ್ಲಿ ‘ಅಭಿಷಿಕ್ತ’ ಎಂದು ಓದಿದ ಕೂಡಲೇ ನಮ್ಮ ಮನಸ್ಸು ಗರ್ಭಗುಡಿಗೆ ಹೋಗುತ್ತದೆ. ಹೋಗಬೇಕಾದದ್ದು ಪಟ್ಟದ ಮಂಟಪಕ್ಕೆ. ಯೆಶಾಯನ ಪ್ರವಾದನೆಯಲ್ಲಿ ಯೆಹೂದ್ಯನೇ ಅಲ್ಲದ ಪಾರಸಿ ದೊರೆ ಕೋರೆಷನನ್ನೂ ದೇವರ ಮಶೀಯಾಹ್ ಎಂದು ಕರೆಯಲಾಗಿದೆ. ಬಾಬಿಲೋನಿನಲ್ಲಿ ಸೆರೆಯಿದ್ದ ಜನರನ್ನು ಊರಿಗೆ ಮರಳಲು ಬಿಟ್ಟ ಪುಣ್ಯಾತ್ಮ ಅವನು. ಮಾಡಿದ ಕೆಲಸಕ್ಕೆ ಸಂದ ಹೆಸರು ಅದು.

ಈ ಪದ ನಮ್ಮ ಸೀಮೆಗೆ ಎರಡು ದಾರಿಯಲ್ಲಿ ಬಂತು. ಮಶೀಯಾಹ್‌ನ ಅರ್ಥವನ್ನು ಗ್ರೀಕ್ ಭಾಷೆಯಲ್ಲಿ ‘ಕ್ರಿಸ್ತೋಸ್’ ಎಂದರು. ಅದು ಯುರೋಪು ಸುತ್ತಿ, ಬಳ್ಳಾರಿಯಲ್ಲಿ ನೆಲೆನಿಂತ ಜಾನ್ ಹ್ಯಾಂಡ್ಸ್‌ನಂಥ ಮಿಷನರಿಗಳ ಕೈಯಲ್ಲಿ ಕನ್ನಡದ ‘ಕ್ರಿಸ್ತ’ವಾಯಿತು, 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ಅದಕ್ಕೂ ಬಹಳ ಮೊದಲೇ ಅರಬ್ಬಿ, ಫಾರಸಿಗಳ ಜೊತೆ ‘ಮಸೀಹ’ ಬಂದಾಗಿತ್ತು. ಆದಿಲಶಾಹಿಯ ಬಿಜಾಪುರದಲ್ಲಿ ಫಾರಸಿ ಬಲ್ಲವರಿಗೆ ಅದು ಹೊಸದಾಗಿರಲು ಸಾಧ್ಯವಿಲ್ಲ. ಕುರಾನು ಮರಿಯಮ್ಮಳ ಮಗ ಈಸಾನನ್ನು, ಅಂದರೆ ಯೇಸುವನ್ನು, ಅಲ್-ಮಸೀಹ ಎಂದೇ ಕರೆಯುತ್ತದೆ. ಆತ ಪ್ರವಾದಿ, ದೇವರ ಮಗನಲ್ಲ ಎಂದು ಅಷ್ಟೇ ಸ್ಪಷ್ಟವಾಗಿ ಹೇಳುತ್ತದೆ. ಉರ್ದು ಕಾವ್ಯದಲ್ಲಿ ಮಸೀಹಾ ಎಂದರೆ ಉಸಿರಿನಿಂದಲೇ ಸತ್ತವರಿಗೆ ಜೀವ ಕೊಡುವವ, ವಾಸಿಯಾಗದ ಬೇನೆಗೆ ಮದ್ದಾದವ. ಮುಂದೆ ಹಿಂದಿ ಪತ್ರಿಕೆಗಳಲ್ಲಿ ‘ಗರೀಬೋಂ ಕಾ ಮಸೀಹಾ’ ಆಗಿ ಪುಢಾರಿಗಳ ಬ್ಯಾನರಿಗೂ ಏರಿತು. ಹೀಗೆ ‘ಕ್ರಿಸ್ತ’ ಹೆಚ್ಚುಕಡಿಮೆ ಯೇಸುವಿನ ಅಡ್ಡಹೆಸರಿನಂತಾಯಿತು, ‘ಮಸೀಹಾ’ ಆಪದ್ಬಾಂಧವ ಎಂಬುದಕ್ಕೆ ಸಮನಾಯಿತು. ಪಟ್ಟದ ಅರ್ಥ ಎರಡರಿಂದಲೂ ಜಾರಿಹೋಯಿತು.

ಅದು ಜಾರದೆ ಉಳಿದದ್ದು ಯೆಹೂದ್ಯರಲ್ಲಿ. ‘ಯೇಸು ಅವರವನ ಅಲ್ಲೇನ್ರಿ? ಮತ್ತ ಅವರಿಗೇ ಯಾಕ ಬ್ಯಾಡಾದ?’ ಎಂದು ಕೇಳುವವರಿಗೆ ಉತ್ತರ ಈ ಪದದೊಳಗೇ ಇದೆ. ಯೆಹೂದ್ಯರು ಕಾಯುತ್ತಿರುವ ಮಶೀಯಾಹ್ ದಾವೀದನ ವಂಶದ ಅರಸ, ಹುಲುಮಾನವ. ಅವನ ಕಾಲದಲ್ಲಿ ಚದುರಿದ ಜನ ಒಂದುಗೂಡಬೇಕು, ಜೆರುಸಲೇಮಿನ ದೇವಾಲಯ ಮತ್ತೆ ಏಳಬೇಕು, ಯುದ್ಧ ನಿಲ್ಲಬೇಕು, ಲೋಕವೆಲ್ಲ ಒಬ್ಬ ದೇವರನ್ನು ಅರಿಯಬೇಕು. ಯೇಸುವಿನ ನಂತರ ಆದದ್ದೇ ಬೇರೆ. ಕ್ರಿ.ಶ. 70ರಲ್ಲಿ ರೋಮನರು ದೇವಾಲಯವನ್ನೇ ಸುಟ್ಟರು, ಜನ ಇನ್ನಷ್ಟು ಚದುರಿದರು. ಉಳಿದ ಕೆಲಸ ಆತನ ಎರಡನೆಯ ಬರುವಿಕೆಯಲ್ಲಿ ಪೂರ್ತಿಯಾಗುತ್ತದೆ ಎಂದು ಕ್ರೈಸ್ತರು ನಂಬುತ್ತಾರೆ. ಕೆಲಸ ಆದಮೇಲೆ ಹೆಸರು ಎಂದು ಯೆಹೂದ್ಯರು ನಿಂತಿದ್ದಾರೆ. ಇದರ ಜೊತೆಗೆ ಇನ್ನೂ ಆಳವಾದ ತಕರಾರು ಒಂದಿದೆ. ದೇವರು ಮನುಷ್ಯನಾಗಿ ಹುಟ್ಟುವುದು ಯೆಹೂದ್ಯ ಧರ್ಮ ಒಪ್ಪಲಾರದ ಮಾತು. ಬಸವಣ್ಣನನ್ನು ನಂದಿಯ ಅವತಾರ, ದ್ವಿತೀಯ ಶಂಭು ಎಂದು ಪುರಾಣಗಳಲ್ಲಿ ಕೇಳಿ ಬೆಳೆದ ನಮಗೆ ಆ ನಿರಾಕರಣೆಯ ತೂಕ ಸುಲಭಕ್ಕೆ ತಿಳಿಯುವುದಿಲ್ಲ.

ಆದರೆ ಕಾಯುವುದು ನಮಗೆ ಹೊಸದಲ್ಲ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣ ಕಟ್ಟಿದ ಕಲ್ಯಾಣ 1167ರ ಸುಮಾರಿಗೆ ಒಡೆದುಹೋಯಿತು, ಶರಣರು ದಿಕ್ಕುಪಾಲಾದರು. ಆ ನೋವಿನ ನೆನಪಿನಿಂದಲೇ ಮುಂದಿನ ಶತಮಾನಗಳಲ್ಲಿ ಕಾಲಜ್ಞಾನ ವಚನಗಳು ಹುಟ್ಟಿದವು. ವೀರವಸಂತರಾಯ ಎಂಬ ಅರಸ ಬರುತ್ತಾನೆ, ಹಾಳುಬಿದ್ದ ಕಲ್ಯಾಣವನ್ನು ಮತ್ತೆ ಕಟ್ಟುತ್ತಾನೆ ಎಂದು ಅವು ಸಾರಿದವು. ಮುದ್ದೇಬಿಹಾಳ, ನಾಲತವಾಡ ದಾಟಿದರೆ ಸಿಗುವ ಕೊಡೇಕಲ್ಲಿನ ಬಸವಣ್ಣನ ಪರಂಪರೆ ಈ ಕಾಲಜ್ಞಾನದ ದೊಡ್ಡ ನೆಲೆ. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಗದ್ದುಗೆ ಅದು. ನಾಳೆ ಯಾರೋ ಒಬ್ಬರು ‘ವಸಂತರಾಯ ಬಂದಾಯಿತು’ ಎಂದರೆ ಆ ಪರಂಪರೆಯ ಹಿರಿಯರು ಏನು ಕೇಳಿಯಾರು? ಕಲ್ಯಾಣ ಎದ್ದಿತೇ ಎಂದಲ್ಲವೆ? ಯೆಹೂದ್ಯರು ಎರಡು ಸಾವಿರ ವರ್ಷಗಳಿಂದ ಕೇಳುತ್ತಿರುವುದೂ ಅದನ್ನೇ. ಅವರ ‘ಇಲ್ಲ’ದಲ್ಲಿ ದ್ವೇಷವನ್ನು ಹುಡುಕುವವರು ಈ ಪ್ರಶ್ನೆಯನ್ನು ಒಮ್ಮೆ ತಮ್ಮ ಬಾಯಿಂದಲೇ ಆಡಿ ನೋಡಬೇಕು.

1263ರಲ್ಲಿ ಬಾರ್ಸಿಲೋನಾದಲ್ಲಿ ಅರಾಗಾನಿನ ದೊರೆಯ ಎದುರು ಯೆಹೂದ್ಯ ಧರ್ಮಗುರು ರಬ್ಬಿ ನಹ್ಮಾನಿದಿಸ್‌ನನ್ನು ಕ್ರೈಸ್ತರೊಡನೆ ವಾದಕ್ಕೆ ನಿಲ್ಲಿಸಿದರು. ಅವನು ಹೇಳಿದ ಮಾತಿನ ಸಾರ ಇಷ್ಟು: ಮಶೀಯಾಹ್ ಬಂದಿದ್ದರೆ ಲೋಕದಲ್ಲಿ ಶಾಂತಿ ಇರಬೇಕಿತ್ತು, ಯೇಸುವಿನ ಕಾಲದಿಂದ ಇಂದಿನವರೆಗೂ ಹಿಂಸೆ, ಸುಲಿಗೆ ತುಂಬಿವೆ. ಆ ವಾದದ ವಿವರವನ್ನು ಬರೆದು ಹೊರತಂದದ್ದಕ್ಕೆ ಕೆಲವೇ ವರ್ಷಗಳಲ್ಲಿ ಮುದುಕ ದೇಶವನ್ನೇ ಬಿಡಬೇಕಾಯಿತು.

ಅವನಿಗಿಂತ ಹಿಂದಿನ ಯೆಹೂದ್ಯ ಪಂಡಿತ ಮೈಮಾನಿದಿಸ್ ನಮ್ಮ ಬಸವಣ್ಣನ ಸಮಕಾಲೀನ. ಆ ಕಾಲಕ್ಕೆ ಯೆಹೂದ್ಯರಿಗೆ ನಮ್ಮ ನಾಡು ದೂರದ್ದಾಗಿರಲಿಲ್ಲ. ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವ್ಯಾಪಾರಿ ಅದೇ ಶತಮಾನದಲ್ಲಿ ಮಂಗಳೂರಿನಲ್ಲಿ ಹದಿನೇಳು ವರ್ಷದಷ್ಟು ಕಾಲ ಮನೆ ಮಾಡಿಕೊಂಡಿದ್ದ. ಮೈಮಾನಿದಿಸ್‌ನ ಒಡಹುಟ್ಟಿದ ತಮ್ಮ ದಾವೀದ ವ್ಯಾಪಾರಕ್ಕೆಂದು ಇತ್ತ ಹೊರಟು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ. ಈ ಮೈಮಾನಿದಿಸ್ ತನ್ನ ಧರ್ಮಸಂಹಿತೆಯಲ್ಲಿ ಮಶೀಯಾಹ್‌ನ ಲಕ್ಷಣಗಳನ್ನು ಖಡಾಖಂಡಿತವಾಗಿ ಬರೆದಿಟ್ಟ. ಪವಾಡ ಬೇಕಿಲ್ಲ; ದೇವಾಲಯ ಕಟ್ಟಿ ಜನರನ್ನು ಕೂಡಿಸಿದರೆ ಅವನೇ, ಆ ಕೆಲಸ ಆಗದೆ ಸತ್ತರೆ ಅವನಲ್ಲ. ಯೇಸುವಿನ ಬಗ್ಗೆ ಅವನ ಮಾತು ಬಿರುಸಾಗಿಯೇ ಇದೆ. ಆದರೂ ಅಲ್ಲೇ ಇನ್ನೊಂದು ಮಾತು ಬರುತ್ತದೆ: ಕ್ರೈಸ್ತರೂ ಮುಸಲ್ಮಾನರೂ ದೇವರ ಹೆಸರನ್ನು, ಧರ್ಮದ ಆಜ್ಞೆಗಳನ್ನು ದೂರದ ದ್ವೀಪಗಳಿಗೂ ಮುಟ್ಟಿಸಿ, ಬರಲಿರುವ ಅರಸನಿಗೆ ದಾರಿ ಹಸನು ಮಾಡುತ್ತಿದ್ದಾರೆ ಎಂದು. ಯುರೋಪಿನಲ್ಲಿ ಅಚ್ಚಾದ ಪ್ರತಿಗಳಲ್ಲಿ ಈ ಭಾಗಕ್ಕೆ ಕತ್ತರಿ ಬಿತ್ತು. ಬಿರುಸು ಮಾತಿನ ಜೊತೆ ಒಳ್ಳೆಯ ಮಾತೂ ಹೋಯಿತಲ್ಲ ಎಂದು ನನಗೆ ಇಂದಿಗೂ ಸಂಕಟ.

ಕಹಿ ಬರಹಗಳೂ ಇವೆ, ಮುಚ್ಚಿಡುವುದು ಬೇಡ. ಯೇಸುವನ್ನು ಹೀಯಾಳಿಸುವ ‘ತೋಲ್ದೋತ್ ಯೇಶು’ ಎಂಬ ಕಥೆಯನ್ನು ಯೆಹೂದ್ಯರು ಮಧ್ಯಯುಗದಲ್ಲಿ ಗುಟ್ಟಾಗಿ ಓದುತ್ತಿದ್ದರು. ನಮ್ಮಲ್ಲೂ ಬಸವಪುರಾಣದ ಬಸವಣ್ಣನೇ ಬೇರೆ, ಜೈನ ಕವಿ ಧರಣಿ ಪಂಡಿತನ ‘ಬಿಜ್ಜಳರಾಯ ಚರಿತೆ’ಯ ಬಸವಣ್ಣನೇ ಬೇರೆ. ಪೆಟ್ಟು ತಿಂದ ಸಮುದಾಯ ಎದುರಾಳಿಯ ಪೂಜ್ಯರ ಮೇಲೆ ಹೀಗೆ ಸಿಟ್ಟು ತೀರಿಸಿಕೊಳ್ಳುತ್ತದೆ. ಇಂಥ ಕೃತಿಗಳನ್ನು ಅವು ಹುಟ್ಟಿದ ಕಾಲದ ನೋವಿಗೆ ಸಾಕ್ಷಿಯಾಗಿ ಓದಬೇಕು, ವ್ಯಕ್ತಿಯ ಚರಿತ್ರೆಯಾಗಿ ಓದಬಾರದು.

ಕಳೆದ ನೂರು ವರ್ಷಗಳಲ್ಲಿ ಯೆಹೂದ್ಯರ ನೋಟ ಬಹಳ ಬದಲಾಗಿದೆ. 1922ರಲ್ಲಿ ಯೋಸೆಫ್ ಕ್ಲೌಸ್ನರ್ ಯೇಸುವಿನ ಜೀವನವನ್ನು ಹೀಬ್ರೂ ಭಾಷೆಯಲ್ಲೇ ಬರೆದು, ಆತ ಹುಟ್ಟಿನಿಂದ ಸಾವಿನವರೆಗೂ ಯೆಹೂದ್ಯನೇ ಎಂದು ತೋರಿಸಿದ. ಸಂಪ್ರದಾಯದ ಯೆಹೂದ್ಯರೂ ಕ್ರೈಸ್ತರೂ ಅವನ ಮೇಲೆ ಹರಿಹಾಯ್ದರು. ಪೂಜ್ಯರನ್ನು ಸಂಶೋಧನೆಯ ಕಣ್ಣಿನಿಂದ ನೋಡಿದವರಿಗೆ ಬೀಳುವ ಪೆಟ್ಟು ಎಂಥದ್ದೆಂದು ಸಿಂದಗಿ ತಾಲೂಕಿನ ಯರಗಲ್ಲಿನವರಾದ ಎಂ.ಎಂ. ಕಲಬುರ್ಗಿಯವರ ಬಾಳು ಬಲ್ಲ ನಮಗೆ ಹೇಳಬೇಕಾಗಿಲ್ಲ. ಮಾರ್ಟಿನ್ ಬೂಬರ್ ಎಂಬ ದಾರ್ಶನಿಕ ಯೇಸುವನ್ನು ತನ್ನ ಹಿರಿಯಣ್ಣ ಎಂದು ಕರೆದ. ಮಶೀಯಾಹ್ ಎಂದು ಮಾತ್ರ ಒಪ್ಪಲಿಲ್ಲ. ಅಣ್ಣನೆಂದು ಅಪ್ಪಿಕೊಳ್ಳಲು ಅಭಿಷಿಕ್ತನೆಂದು ಒಪ್ಪಬೇಕಾಗಿಲ್ಲ ಎಂಬ ಅವನ ನಿಲುವು ನನಗೆ ಬಹಳ ಹಿಡಿಸುತ್ತದೆ.

1938ರಲ್ಲಿ ಚಿತ್ರಕಾರ ಮಾರ್ಕ್ ಶಾಗಾಲ್ ‘ಬಿಳಿ ಶಿಲುಬೆ’ಯ ಚಿತ್ರ ಬರೆದ. ಅವನೂ ಯೆಹೂದ್ಯ. ಅದೇ ವರ್ಷ ಜರ್ಮನಿಯಲ್ಲಿ ಯೆಹೂದ್ಯರ ಪ್ರಾರ್ಥನಾಮಂದಿರಗಳು ಉರಿದವು. ಚಿತ್ರದ ನಡುವೆ ಶಿಲುಬೆಯ ಮೇಲೆ ಯೇಸು. ಸೊಂಟಕ್ಕೆ ಸುತ್ತಿದ್ದು ಯೆಹೂದ್ಯರು ಪ್ರಾರ್ಥನೆಗೆ ಹೊದೆಯುವ, ಕಪ್ಪು ಪಟ್ಟೆಗಳ ಬಿಳಿ ಶಾಲು. ಸುತ್ತಲೂ ಉರಿಯುವ ಮಂದಿರ, ತಲೆಕೆಳಗಾದ ಮನೆಗಳು, ಪವಿತ್ರ ಗ್ರಂಥದ ಸುರುಳಿ ಎದೆಗವಚಿಕೊಂಡು ಓಡುವವರು. ಯಾರ ಹೆಸರು ಹೇಳಿಕೊಂಡು ಶತಮಾನಗಳಿಂದ ಯೆಹೂದ್ಯರನ್ನು ಕೊಂದರೋ ಆ ಯೇಸುವೇ ಕೊಲೆಯಾಗುತ್ತಿರುವ ಯೆಹೂದ್ಯರ ಸಾಲಿನಲ್ಲಿದ್ದಾನೆ.

ಯೇಸುವಿನ ಸಾವಿನ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಬಾರದೆಂದು ಕ್ಯಾಥೊಲಿಕ್ ಸಭೆ ವ್ಯಾಟಿಕನ್ ಮಹಾಸಭೆಯಲ್ಲಿ ಅಧಿಕೃತವಾಗಿ ಸಾರಿದ್ದು 1965ರ ಅಕ್ಟೋಬರ್ 28ರಂದು. ಅಲ್ಲಿಯ ತೀರ್ಮಾನ ನಮ್ಮ ಹಳ್ಳಿಗಳವರೆಗೆ ಮುಟ್ಟಬೇಕಲ್ಲ. ನಮ್ಮ ಸೀಮೆಯ ಚರ್ಚುಗಳಲ್ಲಿ ಶುಭ ಶುಕ್ರವಾರದ ಕಥೆ ಹೇಳುವ ಹಿರಿಯರಲ್ಲಿ, ಶಾಲೆಗಳಲ್ಲಿ ಧರ್ಮಗಳ ಪಾಠ ಮಾಡುವ ಮಾಸ್ತರರಲ್ಲಿ ಒಂದೇ ಕೋರಿಕೆ. ‘ಯೆಹೂದ್ಯರು ಯೇಸುವನ್ನು ಒಪ್ಪಲಿಲ್ಲ’ ಎಂಬ ವಾಕ್ಯಕ್ಕೆ ಮೊದಲು ಇನ್ನೊಂದು ವಾಕ್ಯ ಹೇಳಿ: ಯೇಸು, ಆತನ ತಾಯಿ ಮರಿಯಮ್ಮ, ಬೆನ್ನಹಿಂದೆ ನಡೆದ ಹನ್ನೆರಡು ಮಂದಿ ಶಿಷ್ಯರು, ಎಲ್ಲರೂ ಯೆಹೂದ್ಯರೇ.